ಬೈಗುಳ ಇಲ್ಲದ ಕಾಗದಗಳು

ಮೇ ೪

ಅತ್ತೆಗೆ ಸೊಸೆಯ ನಮಸ್ಕಾರ.

ಸುಖವಾಗಿ ತಲುಪಿದೆ. ಹಾಸ್ಟೆಲಿನ ಮೂರನೆಯ ಮಹಡಿಯಲ್ಲಿ ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಗೋಡೆಯಲ್ಲೊಂದು ಪೈಪು, ಪೈಪಿನ ಮೇಲೊಂದು ಪಾರಿವಾಳ. ಅದು ನನ್ನನ್ನು ನೋಡುವ ಧಾಟಿ ನೋಡಿದರೆ ಕೋಣೆ ಅದರದ್ದು, ನಾನು ಬಾಡಿಗೆಗೆ ಬಂದವಳು.

ತರಗತಿಯಲ್ಲಿ ಎಲ್ಲರೂ ನನಗಿಂತ ಚಿಕ್ಕವರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಪಾಠ ಮಾಡುವವರು ಬಂದರೆಂದು ಇಬ್ಬರು ಎದ್ದು ನಿಂತರು. ನನಗೂ ಏನೂ ತೋಚದೆ "ಕೂತ್ಕೊಳ್ಳಿ" ಎಂದುಬಿಟ್ಟೆ. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕೂತಾಗ ತರಗತಿಗೆ ತರಗತಿಯೇ ನಕ್ಕಿತು.

ಇಲ್ಲಿ ಕಲಿಸುವುದು ತಾನೇ ನೋಡಿ, ತಾನೇ ಯೋಚಿಸಿ, ತಾನೇ ನಡೆಯುವ ಯಂತ್ರಗಳನ್ನು ಕಟ್ಟುವುದನ್ನು. ಬೋರ್ಡೂ ನಾವೇ ಮಾಡಬೇಕು, ಒಳಗಿನ ಪ್ರೋಗ್ರಾಮೂ ನಾವೇ ಬರೆಯಬೇಕು. ಆಸ್ಪತ್ರೆಯ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ ನನಗೆ ಬೋರ್ಡು, ತಂತಿಗಳ ಭಯವಿಲ್ಲ. ಪ್ರೋಗ್ರಾಮ್ ಎಂದರೆ ಮಾತ್ರ ಎದೆ ಡವಡವ. ನನ್ನ ಪಾಲಿಗೆ ಬಂದಿರುವುದು ಯಾರೂ ತಳ್ಳದೆ ವಾರ್ಡಿನಿಂದ ವಾರ್ಡಿಗೆ ಔಷಧಿ ಹೊತ್ತು ಓಡಾಡುವ ಗಾಡಿ. ಅಕ್ಟೋಬರ್ ಐದಕ್ಕೆ ಎಲ್ಲರೆದುರು ಅದನ್ನು ಓಡಿಸಿ ತೋರಿಸಬೇಕು. ಓಡಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ನಿಮ್ಮ ಮಗ ಹೋದ ಮೇಲೆ ನಾನು ಎರಡು ವರ್ಷ ಗೋಡೆ ನೋಡಿಕೊಂಡು ಕೂತಿದ್ದೆ. ನೀವು ಊಟದ ತಟ್ಟೆಯ ಪಕ್ಕ ಈ ಕೋರ್ಸಿನ ಅರ್ಜಿ ಇಟ್ಟು "ಮೊದಲು ಸಹಿ, ಆಮೇಲೆ ಊಟ" ಎಂದಿರಿ. ಆ ದಿನ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗ ಬೇರೆ ಏನೇನೋ ಅನ್ನಿಸುತ್ತದೆ. ಬರೆಯಲು ಹೋದರೆ ಕಾಗದ ಒದ್ದೆಯಾಗುತ್ತದೆ.

ನಿಮ್ಮ ಸೊಸೆ

ಮೇ ೧೨

ಸೊಸೆ ಮಹಾರಾಯ್ತಿಗೆ,

ಪಾರಿವಾಳಕ್ಕೆ ಬ್ರೆಡ್ಡು ಹಾಕಬೇಡ, ನಾಳೆ ಸಂಸಾರ ಸಮೇತ ಬರುತ್ತದೆ. ಇಷ್ಟುದ್ದ ಬರೆದಿದ್ದೀಯ, ಏನು ತಿಂದೆ ಎಂದು ಒಂದು ಸಾಲಿಲ್ಲ. ತಾನೇ ನಡೆಯುವ ಗಾಡಿ ಮಾಡುವವಳು ತಾನೇ ನೆಟ್ಟಗೆ ನಿಲ್ಲಬೇಡವೇ? ಒದ್ದೆ ಕಾಗದ ಕಳಿಸಬೇಡ, ಪೋಸ್ಟಿನವನು ಏನೆಂದುಕೊಂಡಾನು.

ಫೋನ್ ಮಾಡಬೇಡ ಎಂದು ಮತ್ತೊಮ್ಮೆ ಹೇಳುತ್ತೇನೆ. ಬೆಳಗ್ಗೆಯಿಂದ ಸಂಜೆಯವರೆಗೆ ಬಸ್ ನಿಲ್ದಾಣದ ಆ ಗೂಡಿನಲ್ಲಿ ಕೂತು ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಒದರಿ ಮನೆಗೆ ಬಂದರೆ, ದೇವರೇ ಬಾಗಿಲು ತಟ್ಟಿದರೂ ಮಾತಾಡಿಸುವ ಮನಸ್ಸಿರುವುದಿಲ್ಲ. ಧೂಳಿಗೆ ಗಂಟಲು ಬೇರೆ ಕರಕರ ಅನ್ನುತ್ತದೆ, ಬಿಸಿನೀರು ಕುಡಿದರೆ ಸರಿಹೋಗುತ್ತದೆ. ಕಾಗದವಾದರೆ ಕಾಲು ಚಾಚಿಕೊಂಡು ಬರೆಯಬಹುದು.

ಮೊನ್ನೆ ಒಬ್ಬ ಅಜ್ಜ ನನ್ನ ಗೂಡು ಹುಡುಕಿಕೊಂಡು ಬಂದ. ನನ್ನ ಮುಖ ನೋಡಿ ಅವನ ಮುಖ ಬಾಡಿತು. "ಮೈಕಲ್ಲಿ ಕೇಳಿ ಇಪ್ಪತ್ತು ವರ್ಷದ ಹುಡುಗಿ ಅಂದ್ಕೊಂಡಿದ್ದೆ" ಎಂದ. "ನಾನೂ ಹಾಗೇ ಅಂದ್ಕೊಂಡಿದ್ದೀನಿ, ಏನೀಗ?" ಎಂದೆ. ನನಗೆ ರೂಪ ಕೊಡುವಾಗ ಜಿಪುಣತನ ಮಾಡಿದ ದೇವರು ಧ್ವನಿಗೆ ಮಾತ್ರ ಕೈ ಬಿಚ್ಚಿದ್ದಾನೆ. ಅದೊಂದಕ್ಕೆ ಅವನ ಮೇಲೆ ನನ್ನ ದೂರಿಲ್ಲ.

ನಿನ್ನ ಅತ್ತೆ

ಜುಲೈ ೨೦

ಅತ್ತೆಗೆ ನಮಸ್ಕಾರ.

ನಿಮ್ಮ ಹುಟ್ಟಿದ ದಿನ ಮನಸ್ಸು ತಡೆಯದೆ ಫೋನ್ ಮಾಡಿದೆ. ನೀವು ಎತ್ತಿ, ಎರಡು ಸಲ ಕೆಮ್ಮಿ, ಇಟ್ಟುಬಿಟ್ಟಿರಿ. ಬೇಡ ಎಂದರೂ ಮಾಡಿದ್ದಕ್ಕೆ ಮುನಿಸು ಎಂದು ತಿಳಿದುಕೊಂಡೆ. ಇನ್ನು ಮಾಡುವುದಿಲ್ಲ.

ಊಟ ಮಾಡುತ್ತಿದ್ದೇನೆ. ನೆಟ್ಟಗೂ ನಿಂತಿದ್ದೇನೆ.

ಈ ವಾರ ನನಗೆ ಬಹಳ ಹಿಡಿಸಿದ ಒಂದು ವಿಷಯ ಹೇಳುತ್ತೇನೆ. ಗಾಡಿಗೆ ಮಿದುಳಿನಂಥ ಒಂದು ಚಿಪ್ ಇರುತ್ತದೆ. ಅದು ಕೆಲವೊಮ್ಮೆ ಯಾವುದೋ ಲೆಕ್ಕದಲ್ಲಿ ಸಿಕ್ಕಿಬಿದ್ದು ಮಂಕಾಗುತ್ತದೆ. ಆಗ ಗಾಡಿ ಎತ್ತ ಹೋಗುತ್ತಿತ್ತೋ ಅತ್ತಲೇ ಹೋಗುತ್ತಿರುತ್ತದೆ, ಎದುರಿಗೆ ಯಾರಿದ್ದರೂ ಸರಿ. ಅದಕ್ಕೆಂದೇ ಪಕ್ಕದಲ್ಲಿ ಇನ್ನೊಂದು ಪುಟ್ಟ ಚಿಪ್ ಇಡುತ್ತಾರೆ, ಕಾವಲಿಗೆ. ಮಿದುಳು ಆಗಾಗ ಅದನ್ನು ತಟ್ಟಿ "ನಾನು ಎಚ್ಚರವಾಗಿದ್ದೇನೆ" ಎನ್ನಬೇಕು. ತಟ್ಟುವುದು ತಪ್ಪಿದರೆ ಕಾವಲು ಚಿಪ್ ಹಿಂದೆ ಮುಂದೆ ನೋಡದೆ ಚಕ್ರಗಳನ್ನು ನಿಲ್ಲಿಸಿ, ಮಿದುಳಿನ ಕಿವಿ ಹಿಂಡಿ ಎಬ್ಬಿಸುತ್ತದೆ. ಓದುತ್ತ ನನಗೆ ನಿಮ್ಮದೇ ನೆನಪು.

ನಮ್ಮ ಲ್ಯಾಬಿನ ಮೇಡಂಗೆ ಹುಡುಗರು ಫ್ಯೂಸ್ ಎಂದು ಹೆಸರಿಟ್ಟಿದ್ದಾರೆ, ಯಾವಾಗ ಹಾರುತ್ತಾರೋ ಹೇಳಲಾಗುವುದಿಲ್ಲ. ಆದರೆ ನಿಮ್ಮ ಕೈಯಲ್ಲಿ ಪಳಗಿದವಳಿಗೆ ಅವರದ್ದು ಏನೇನೂ ಅಲ್ಲ.

ನಿಮ್ಮ ಸೊಸೆ

ಜುಲೈ ೩೦

ಮಹಾರಾಯ್ತಿಗೆ,

ಕಿವಿ ಹಿಂಡುವವಳು ಎಂದು ಹೊಗಳಿದೆಯೋ ಬೈದೆಯೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಳ್ಳುತ್ತೇನೆ.

ಫೋನಿನ ವಿಷಯ ಬಿಡು. ಆಗ ಬಾಯಲ್ಲಿ ನೀರಿತ್ತು.

ನಿನ್ನ ಕಾವಲು ಚಿಪ್ಪಿನ ಕಥೆ ಕೆಳಗಿನ ಮನೆಯ ಟೈಲರಮ್ಮನಿಗೂ ಓದಿಸಿದೆ. ನಮ್ಮ ನಿಲ್ದಾಣದಲ್ಲೂ ಒಬ್ಬ ಕಾವಲಿನವನಿದ್ದಾನೆ. ಗಂಟೆಗೊಮ್ಮೆ ಸೀಟಿ ಊದಬೇಕೆಂದು ಅವನಿಗೆ ಆಜ್ಞೆ. ಊದುತ್ತಾನೆ, ತಪ್ಪದೆ ಊದುತ್ತಾನೆ, ಕಣ್ಣು ಮಾತ್ರ ತೆರೆಯುವುದಿಲ್ಲ. ಸೀಟಿ ಕೇಳಿದ ಅಧಿಕಾರಿಗೆ ನೆಮ್ಮದಿ, ಊದಿದ ಇವನಿಗೂ ನೆಮ್ಮದಿ.

ಇನ್ನು ಮುಂದೆ ನಿಲ್ದಾಣದಲ್ಲಿ ಕೆಲಸ ಜಾಸ್ತಿ. ಸೆಪ್ಟೆಂಬರಿನಿಂದ ಉದ್ದ ಕಾಗದ ನಿರೀಕ್ಷಿಸಬೇಡ. ಪ್ರತಿ ಸೋಮವಾರ ಚಿಕ್ಕದೊಂದು ಹಾಕುತ್ತೇನೆ. ಬಂದರೆ ಅತ್ತೆ ಗುಂಡುಕಲ್ಲಿನ ಹಾಗಿದ್ದಾಳೆಂದು ತಿಳಿದು, ನಿನ್ನ ಕೆಲಸ ನೀನು ನೋಡಿಕೋ. ಗಾಡಿ ಓಡಿಸದೆ ಈ ಕಡೆ ತಲೆ ಹಾಕಿದರೆ ಬಾಗಿಲು ತೆಗೆಯುವುದಿಲ್ಲ.

ನಿನ್ನ ಅತ್ತೆ

ಸೆಪ್ಟೆಂಬರ್ ೯

ಅತ್ತೆಗೆ ನಮಸ್ಕಾರ.

ನಿನ್ನೆ ಬೆಸುಗೆ ಹಾಕುವಾಗ ಬಲಗೈಯ ಹೆಬ್ಬೆರಳು ಸುಟ್ಟುಕೊಂಡೆ. ಚಹಾದ ಲೋಟ ಎಂದುಕೊಂಡು ಕಾದ ಕಬ್ಬಿಣಕ್ಕೆ ಕೈ ಹಾಕಿದೆ. ಗುಳ್ಳೆ ಎದ್ದಿದೆ. ಈ ವಕ್ರ ಅಕ್ಷರಕ್ಕೆ ಅದೇ ಕಾರಣ. ಬೈಯಿರಿ, ನಾನು ತಲೆ ತಗ್ಗಿಸಿ ಓದುತ್ತೇನೆ.

ಇನ್ನೊಂದು ವಿಷಯ. ಫ್ಯೂಸ್ ಮೇಡಂ ಕರೆದು "ಗಾಡಿ ಸರಿಯಾಗಿ ಓಡಿದ್ರೆ ಇಲ್ಲೇ ಕೆಲಸಕ್ಕೆ ಇರ್ತೀಯಾ?" ಎಂದು ಕೇಳಿದರು. ನಾನು ಏನೂ ಹೇಳಿಲ್ಲ. ನೀವು ಹೂಂ ಎಂದರೆ ಮಾತ್ರ, ಅದೂ ನೀವು ನನ್ನ ಜೊತೆಗೆ ಬರುವುದಾದರೆ ಮಾತ್ರ. ಏನು ಹೇಳಲಿ?

ನಿಮ್ಮ ಸೊಸೆ

ಸೆಪ್ಟೆಂಬರ್ ೧೪

ಮಹಾರಾಯ್ತಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನ ಕಾಗದ ಓದಿ ಸಂತೋಷವಾಯಿತು. ಬಸ್ಸುಗಳು ಎಂದಿನಂತೆ ತಡವಾಗಿ ಬರುತ್ತಿವೆ. ಟೈಲರಮ್ಮ ನಿನ್ನನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ

ಸೆಪ್ಟೆಂಬರ್ ೧೮

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ, ಹಿಂಬದಿಯಲ್ಲೂ ಏನಿಲ್ಲ. ನನಗೆ ಅರ್ಥವಾಯಿತು. ಇಲ್ಲೇ ಕೆಲಸಕ್ಕೆ ನಿಲ್ಲುವ ಮಾತು ಎತ್ತಿದ್ದು ನಿಮಗೆ ನೋವಾಗಿದೆ. ಮಗನೂ ಹೋದ, ಸೊಸೆಯೂ ಹೋದಳು ಎಂದುಕೊಂಡಿದ್ದೀರಿ. ಹಾಗಲ್ಲ ಅತ್ತೆ. ಬೇಡ ಎಂದರೆ ಬೇಡ. ನಾಳೆಯೇ ಮೇಡಂಗೆ ಇಲ್ಲ ಎಂದು ಹೇಳಿಬಿಡುತ್ತೇನೆ. ನನಗೆ ತವರು ಎಂದು ಬೇರೆ ಯಾವುದಿದೆ?

ಬೆರಳಿನ ಬಗ್ಗೆಯಾದರೂ ಒಂದೆರಡು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ನಿಮ್ಮ ಸೊಸೆ

ಸೆಪ್ಟೆಂಬರ್ ೨೧

ಮಹಾರಾಯ್ತಿಗೆ,

ಎಲ್ಲ ಚೆನ್ನಾಗಿದೆ. ನಿನ್ನ ಕಾಗದ ಬಂತು, ನೀನು ಖುಷಿಯಾಗಿದ್ದೀಯ ಎಂದು ತಿಳಿದು ಸಂತೋಷ. ನನ್ನ ಯೋಚನೆ ಮಾಡಬೇಡ. ಕೆಲಸದ ಕಡೆ ಗಮನ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ

ಅಕ್ಟೋಬರ್ ೨, ಬಸ್ಸಿನಲ್ಲಿ

ಅತ್ತೆಗೆ,

ಇದನ್ನು ಪೋಸ್ಟಿಗೆ ಹಾಕುವುದಿಲ್ಲ, ನಿಮ್ಮ ಕೈಗೇ ಕೊಡುತ್ತೇನೆ. ನೀವು ಮಾತಾಡುವ ಹಾಗಿಲ್ಲವಂತೆ. ನಿಮ್ಮನ್ನು ನೋಡಿದರೆ ನನಗೂ ಮಾತು ಬರಲಿಕ್ಕಿಲ್ಲ. ಆದ್ದರಿಂದ ಮೊದಲೇ ಬರೆದಿಡುತ್ತಿದ್ದೇನೆ. ಬಸ್ಸು ಕುಲುಕುತ್ತಿದೆ, ಅಕ್ಷರ ಸಹಿಸಿಕೊಳ್ಳಿ.

ನಿನ್ನೆ ಲ್ಯಾಬಿನ ಉದ್ದದ ಓಣಿಯಲ್ಲಿ ಗಾಡಿ ಓಡಿಸುತ್ತಿದ್ದೆ. ಪರೀಕ್ಷೆ ಮಾಡೋಣವೆಂದು ಮೇಡಂ ಅದರ ಕಣ್ಣಿನ, ಎಂದರೆ ಕ್ಯಾಮೆರಾದ, ತಂತಿಯನ್ನು ಕಿತ್ತರು. ಕಾವಲು ಚಿಪ್ ಇದೆಯಲ್ಲ, ನಿಲ್ಲುತ್ತದೆ ಎಂದು ನಾನು ಕೈಕಟ್ಟಿ ನಿಂತಿದ್ದೆ. ಗಾಡಿ ನಿಲ್ಲಲಿಲ್ಲ. ನೇರವಾಗಿ ಹೋಗಿ ಮೇಡಂ ಕುರ್ಚಿಗೆ ಗುದ್ದಿ, ಕುರ್ಚಿಯನ್ನು ಗೋಡೆಯವರೆಗೆ ತಳ್ಳಿಕೊಂಡು ಹೋಯಿತು. ಪುಣ್ಯಕ್ಕೆ ಮೇಡಂ ಅದರಲ್ಲಿ ಇರಲಿಲ್ಲ.

ತಪ್ಪು ನನ್ನದೇ. ಮಿದುಳು ನೋಡಿ, ಯೋಚಿಸಿ, ಚಕ್ರಕ್ಕೆ ಆಜ್ಞೆ ಕೊಟ್ಟು, ಆಮೇಲೆ ಕಾವಲು ಚಿಪ್ಪನ್ನು ತಟ್ಟಬೇಕಿತ್ತು. ಅದು ಆಗಾಗ ತಡವಾಗುತ್ತದೆ, ಗಾಡಿ ಸುಮ್ಮಸುಮ್ಮನೆ ನಿಲ್ಲುತ್ತದೆ ಎಂದು ನಾನು ತಟ್ಟುವ ಕೆಲಸವನ್ನು ಒಳಗಿನ ಗಡಿಯಾರಕ್ಕೆ ಒಪ್ಪಿಸಿದ್ದೆ. ಗಡಿಯಾರಕ್ಕೇನು ಗೊತ್ತು? ಕಣ್ಣಿನ ಸುದ್ದಿಗೆ ಕಾಯುತ್ತ ಮಿದುಳು ಮಂಕಾಗಿ ಬಿದ್ದಿದ್ದರೂ ಅದು ತನ್ನ ಹೊತ್ತಿಗೆ ಸರಿಯಾಗಿ ತಟ್ಟುತ್ತಲೇ ಇತ್ತು. ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ.

ಮೇಡಂ ಹಾರಲಿಲ್ಲ. ಕುರ್ಚಿ ಎತ್ತಿ ನಿಲ್ಲಿಸಿ ನನ್ನ ಪಕ್ಕ ಕೂತರು. "ಬರೀ ತಟ್ಟಿದ್ರೆ ನಂಬಬಾರದು ಕಣಮ್ಮ. ಇನ್ನೊಂದು ಜಾತಿ ಕಾವಲು ಚಿಪ್ ಇದೆ, ಅದು ಪ್ರಶ್ನೆ ಕೇಳುತ್ತೆ. ಪ್ರತಿ ಸಲ ಬೇರೆ ಪ್ರಶ್ನೆ. ಸರಿಯಾದ ಉತ್ತರ ಬಂದ್ರೆ ಮಾತ್ರ ಒಳಗೆ ಯಾರೋ ಎಚ್ಚರವಾಗಿದ್ದಾರೆ ಅಂತ ಅರ್ಥ" ಎಂದರು.

ಅತ್ತೆ, ಅವರು ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ನಾನು ಬೆರಳು ಸುಟ್ಟುಕೊಂಡೆ ಎಂದು ಬರೆದೆ, ನೀವು ಬೈಯಲಿಲ್ಲ. ಕೆಲಸಕ್ಕೆ ಏನು ಹೇಳಲಿ ಎಂದು ಕೇಳಿದೆ, ಉತ್ತರವಿಲ್ಲ. ಅತ್ತುಕೊಂಡು ಬರೆದೆ, ಖುಷಿಯಾಗಿದ್ದೀಯ ಎಂದು ಸಂತೋಷಪಟ್ಟಿರಿ. ಮೊನ್ನೆ ಸೋಮವಾರದ ಕಾಗದದಲ್ಲೂ ಅದೇ ಬಸ್ಸು, ಅದೇ ಊಟ. ನಿಮ್ಮಂಥ ಬಾಯಿಯ ಅತ್ತೆ ಮೂರು ಕಾಗದಗಳಲ್ಲಿ ಒಂದು ಸಲವೂ ಬೈಯುವುದಿಲ್ಲ ಎಂದರೆ ಅದು ಮುನಿಸಲ್ಲ. ಅವನ್ನು ಬರೆದಾಗ ನನ್ನ ಕಾಗದ ನಿಮ್ಮೆದುರು ಇರಲೇ ಇಲ್ಲ.

ಟೈಲರಮ್ಮನಿಗೆ ಫೋನ್ ಮಾಡಿದೆ. ಮೊದಲು "ಎಲ್ಲಾ ಚೆನ್ನಾಗಿದೆ" ಎಂದರು. "ನನ್ನಾಣೆ ಹೇಳಿ" ಎಂದೆ. ಅತ್ತುಬಿಟ್ಟರು. ಗಂಟಲಲ್ಲಿ ಗಡ್ಡೆ, ಆಪರೇಷನ್, ಆಮೇಲೆ ಜ್ವರ ಏರಿ ಇನ್ನೂ ಆಸ್ಪತ್ರೆಯಲ್ಲೇ ಇರುವುದು, ಹೋಗುವ ಮೊದಲೇ ಸೋಮವಾರಗಳಿಗೆಲ್ಲ ಕಾಗದ ಬರೆದು ಅವರ ಕೈಗೆ ಕೊಟ್ಟದ್ದು, ಎಲ್ಲ ಹೇಳಿದರು. ನನ್ನ ಕಾಗದಗಳನ್ನು ಒಡೆಯದೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟಿದ್ದಾರಂತೆ.

ಗಾಡಿಯ ಚಿಂತೆ ನಿಮಗೆ ಬೇಡ. ಐದನೇ ತಾರೀಖಿನ ಪರೀಕ್ಷೆಯನ್ನು ಮುಂದೂಡಿದ್ದಾರೆ. ಬಾಗಿಲು ತೆಗೆಯುವುದಿಲ್ಲ ಎಂದಿದ್ದಿರಿ. ಆಸ್ಪತ್ರೆಯ ಬಾಗಿಲು ನಿಮ್ಮ ಮಾತು ಕೇಳುವುದಿಲ್ಲ.

ನಿಮ್ಮ ಸೊಸೆ

ಅಕ್ಟೋಬರ್ ೧೯

ಸೊಸೆ ಮಹಾರಾಯ್ತಿಗೆ,

ನೀನು ಬಸ್ಸು ಹತ್ತಿ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಡಾಕ್ಟರು ಇನ್ನೂ ಒಂದು ತಿಂಗಳು ಪಿಸುಮಾತೂ ಆಡಬಾರದು ಎಂದಿದ್ದಾರೆ. ನನ್ನ ಬಾಯಿ ಮುಚ್ಚಿಸಲು ಒಂದು ಆಸ್ಪತ್ರೆಯೇ ಬೇಕಾಯಿತು.

ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ. ಕಾದ ಕಬ್ಬಿಣಕ್ಕೂ ಚಹಾದ ಲೋಟಕ್ಕೂ ವ್ಯತ್ಯಾಸ ತಿಳಿಯದವಳು ಆಸ್ಪತ್ರೆಗೆ ಗಾಡಿ ಮಾಡಲು ಹೊರಟಿದ್ದೀಯಾ? ಕಣ್ಣು ಏನು ಒತ್ತೆ ಇಟ್ಟಿದ್ದೆಯಾ? ಎರಡನೆಯದು, ಕೆಲಸಕ್ಕೆ ಹೂಂ ಎನ್ನು. ನಾನು ಬರುವುದು ಬಿಡುವುದು ಆಮೇಲಿನ ಮಾತು. ಮಗನೂ ಹೋದ, ಸೊಸೆಯೂ ಹೋದಳು ಎಂದು ಅಳುವ ಅತ್ತೆ ಬೇಕಿದ್ದರೆ ಬೇರೆ ಮನೆ ನೋಡಿಕೊಳ್ಳಬೇಕಿತ್ತು.

ಈಗ ನೀನು ಎದುರಿಗಿದ್ದಾಗ ಸ್ಲೇಟಿನಲ್ಲಿ ಬರೆಯಲು ಆಗದೇ ಹೋದದ್ದು. ನೀನು ಹೊರಡುವ ಮೊದಲೇ ನನಗೆ ಗಂಟಲಿನ ಅನುಮಾನವಿತ್ತು. ಹೇಳಿದರೆ ಹೋಗುತ್ತಿರಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ನೀನು ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡದ್ದನ್ನು ನೋಡಿದ್ದೆ. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆಪರೇಷನ್ ಆದಮೇಲೆ ಕೈ ನಡುಗಿದರೆ ಅಕ್ಷರದಲ್ಲಿ ಕಂಡುಹಿಡಿಯುತ್ತೀಯ ಎಂದು ಮೊದಲೇ ಬರೆದಿಟ್ಟೆ. ಆದರೆ ಮುಂಗಡ ಬೈಯುವುದು ಹೇಗೆ? ನೀನು ಯಾವ ತಪ್ಪು ಮಾಡುತ್ತೀಯ ಎಂದು ನನಗೇನು ಗೊತ್ತು?

ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕೈ ಹಿಡಿದಿದ್ದೆ. ಧ್ವನಿ ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದಾಗ ಇನ್ನೂ ಗಟ್ಟಿಯಾಗಿ ಹಿಡಿದೆ. ನಿಲ್ದಾಣದ ಅಧಿಕಾರಿ ಬಂದು, ಮೈಕಿಗೆ ಬೇರೆ ಹುಡುಗಿಯನ್ನು ತೆಗೆದುಕೊಂಡಿದ್ದೇವೆ, ನೀವು ಮರೆತು ಹೋದ ಸಾಮಾನಿನ ಕೌಂಟರಿನಲ್ಲಿ ಕೂರಬಹುದು ಎಂದರು. ಕೊಡೆ, ಚಪ್ಪಲಿ, ಒಂದು ಹಲ್ಲಿನ ಸೆಟ್ಟು ಇವೆ. ಹಲ್ಲು ಬಿಟ್ಟು ಹೋದವರು ಬಂದು ಕೇಳುವುದಾದರೂ ಹೇಗೋ!

ನಗುತ್ತ ಬರೆದೆ. ಆದರೆ ಹೊಸ ಹುಡುಗಿಯ ಧ್ವನಿ ನಿಲ್ದಾಣದಿಂದ ಇಲ್ಲಿಯವರೆಗೆ ತೇಲಿ ಬಂದಾಗ ಕಿಟಕಿ ಹಾಕಿಕೊಳ್ಳುತ್ತೇನೆ. ಒಬ್ಬರಿಗೊಬ್ಬರು ಏನೂ ಮುಚ್ಚಿಡಬಾರದೆಂದು ನೀನು ಮಾತು ತೆಗೆದುಕೊಂಡು ಹೋಗಿದ್ದೀಯಲ್ಲ, ಅದಕ್ಕೆ ಇದನ್ನೂ ಹೇಳಿದೆ.

ನಿನ್ನ ಅತ್ತೆ

ಅಕ್ಟೋಬರ್ ೨೬

ಅತ್ತೆಗೆ ನಮಸ್ಕಾರ.

ಕಬ್ಬಿಣದ ಬೈಗುಳವನ್ನು ನಾಲ್ಕು ಸಲ ಓದಿದೆ. ಜೀವ ಬಂದ ಹಾಗಾಯಿತು.

ಮಾತು ತೆಗೆದುಕೊಂಡವಳು ನಾನೇ, ಆದ್ದರಿಂದ ನಾನೂ ಹೇಳಲೇಬೇಕು. ಪರೀಕ್ಷೆಯನ್ನು ಮುಂದೂಡಿರಲಿಲ್ಲ. ಐದನೇ ತಾರೀಖಿಗೇ ನಡೆಯಿತು. ನೀವು ನಿದ್ದೆಯಲ್ಲಿದ್ದಿರಿ, ನಾನು ನಿಮಗೆ ಗಂಜಿ ಆರಿಸುತ್ತಿದ್ದೆ. ನನ್ನ ಗಾಡಿ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಉಳಿದವರೆಲ್ಲ ಪಾಸಾಗಿ ಊರಿಗೆ ಹೋದರು.

ನಿಮ್ಮ ಬಳಿಗೆ ಹೊರಟ ದಿನ ಮೇಡಂ ಹತ್ತಿರ ಹೋದಾಗ ಅವರು ಹಾರುತ್ತಾರೆಂದು ಬಾಗಿಲ ಬಳಿಯೇ ನಿಂತಿದ್ದೆ. "ಪರೀಕ್ಷೆ ಯಾರಿಗೂ ಕಾಯಲ್ಲ. ಏಪ್ರಿಲ್‌ನಲ್ಲಿ ಮುಂದಿನ ತಂಡದ ಜೊತೆ ಬಾ. ಅಲ್ಲೀವರೆಗೆ ಹೊಸಬರಿಗೆ ಬೋರ್ಡಿನ ಕೆಲಸ ಹೇಳ್ಕೊಡು. ಈಗ ಹೋಗು, ಹೋಗದೆ ಇಲ್ಲೇ ನಿಂತಿದ್ರೆ ಮಾತ್ರ ಫೇಲ್ ಮಾಡ್ತೀನಿ" ಎಂದರು. ಈ ಊರಿನಲ್ಲೂ ನನ್ನನ್ನು ಬೈದು ಕಾಪಾಡುವವರು ಒಬ್ಬರಿದ್ದಾರೆ ಅತ್ತೆ.

ಆರು ತಿಂಗಳು ಹಿಂದೆ ಬಿದ್ದೆ. ಇಲ್ಲೇ ಕೆಲಸ ಎಂಬ ಮಾತೂ ಏಪ್ರಿಲ್ ತನಕ ಹಾಗೇ. ನಿಮ್ಮ ಆಸೆಗೆ ತಣ್ಣೀರು ಎರಚಿದೆನಲ್ಲ ಎಂಬುದೊಂದೇ ನನಗೆ ನೋವು. ಕ್ಷಮಿಸಿ. ಗಾಡಿಗೆ ಈಗ ಪ್ರಶ್ನೆ ಕೇಳುವ ಕಾವಲು ಚಿಪ್ ಹಾಕಿದ್ದೇನೆ. ಮೇಡಂ ದಿನಕ್ಕೊಂದು ತಂತಿ ಕೀಳುತ್ತಾರೆ, ಗಾಡಿ ನಿಲ್ಲುತ್ತದೆ.

ನಿಮ್ಮ ಸೊಸೆ

ನವೆಂಬರ್ ೩

ಮಗಳೇ,

ನಿನ್ನ ಕಾಗದ ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ. ಮುಂದೂಡಿರಲಿಲ್ಲ ಎಂಬ ಸಾಲಿಗೆ ಬರುತ್ತಿದ್ದ ಹಾಗೆ ನೆತ್ತಿಗೆ ಸಿಟ್ಟೇರಿತು. ಡಾಕ್ಟರು, ಗಂಟಲು, ಎಲ್ಲ ಮರೆತು ಬಾಯಿ ತೆರೆದೆ. "ಎಂಥಾ ಹುಡುಗಿಯೇ ನೀನು! ನಿನಗೇನು ತಲೆ ಕೆಟ್ಟಿದೆಯಾ!"

ಮಾತು ಬಂತು. ಯಾರದೋ ಗಂಡಸಿನ ಧ್ವನಿ, ಒರಟು, ಬಿರುಕು ಬಿಟ್ಟದ್ದು. ನನಗೇ ಹೆದರಿಕೆಯಾಗಿ ಹಿಂದೆ ತಿರುಗಿ ನೋಡಿದೆ. ಕೆಳಗಿನಿಂದ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು. "ಯಾರದು? ಮನೆ ಒಳಗೆ ಯಾರು ನುಗ್ಗಿದ್ದು?" "ನಾನೇ ಕಣೇ" ಎಂದೆ, ಅದೇ ಧ್ವನಿಯಲ್ಲಿ. ಕತ್ತರಿ ಕೆಳಗೆ ಹಾಕಿ ನನ್ನನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಹಳೆಯ ಧ್ವನಿ ಬರುವುದಿಲ್ಲವಂತೆ, ಇದೇ ನಿಲ್ಲುತ್ತದಂತೆ. ಮೈಕಿಗೆ ಆಗದು, ಮನೆಗೆ ಸಾಕು. ಬೈಯಲು ಹಳೆಯದಕ್ಕಿಂತ ಇದೇ ವಾಸಿ.

ಸಿಟ್ಟು ಇಳಿದ ಮೇಲೆ ಈ ಕಾಗದ ಬರೆಯಲು ಕೂತೆ. ನೀನು ಬರಬಾರದಿತ್ತು ಎಂದು ಮೊದಲ ಸಾಲು ಬರೆಯೋಣವೆಂದುಕೊಂಡೆ. ಅತ್ತೆಯಾದವಳು ಹೇಳಬೇಕಾದದ್ದು ಅದೇ. ಬರೆಯಲಾಗಲಿಲ್ಲ.

ಯಾಕೆಂದರೆ ಆ ಜ್ವರದಲ್ಲಿ ನಾನು ಕೈ ಚೆಲ್ಲಿದ್ದೆ. ಇದನ್ನು ನಾನು ಟೈಲರಮ್ಮನಿಗೂ ಹೇಳಿಲ್ಲ. ಮಗ ಕರೆಯುತ್ತಿದ್ದಾನೆ, ಧ್ವನಿಯೂ ಹೋಯಿತು, ಇನ್ನು ಸಾಕು ಅನ್ನಿಸಿತ್ತು. ಕಣ್ಣು ಬಿಟ್ಟರೆ ನೀನು ಸ್ಟೂಲಿನ ಮೇಲೆ ಕೂತು, ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದೆ. ಹೆಬ್ಬೆರಳಿಗೆ ಕೊಳಕು ಪಟ್ಟಿ. ಅಯ್ಯೋ, ಈ ಹುಡುಗಿಗೆ ಒಂದು ಪಟ್ಟಿ ಬದಲಿಸಿಕೊಳ್ಳಲೂ ಬರುವುದಿಲ್ಲವಲ್ಲ, ನಾನು ಹೋದರೆ ಇವಳಿಗೆ ಯಾರು ಬೈಯುತ್ತಾರೆ ಎನ್ನಿಸಿತು. ಆಗಲೇ ಏಳಬೇಕೆಂದು ಮನಸ್ಸು ಮಾಡಿದ್ದು.

ಏಪ್ರಿಲ್‌ಗೆ ನಾನು ಬರುತ್ತೇನೆ, ನಿನ್ನ ಗಾಡಿಯ ಎದುರಿಗೆ ನಿಲ್ಲುತ್ತೇನೆ. ಅದು ನಿಂತರೆ ಸರ್ಟಿಫಿಕೇಟು ತೆಗೆದುಕೋ, ನಿಲ್ಲದಿದ್ದರೆ ನನ್ನ ಹೊಸ ಧ್ವನಿ ಕೇಳು. ಆರು ತಿಂಗಳು ಹೋಯಿತೆಂದು ಒಂದು ದಿನವೂ ಕೊರಗಬೇಡ. ಆ ಆರು ತಿಂಗಳನ್ನು ಯಾರಿಗೆ ಕೊಟ್ಟೆ ಎಂದು ನನಗೆ ಗೊತ್ತು. ಬಂದು ಒಳ್ಳೆಯದು ಮಾಡಿದೆ ಮಗಳೇ. ನೀನು ಬಂದೆ, ನಾನು ಉಳಿದೆ.

ಅತ್ತೆ